ಸ್ಕಿಪ್ ಮಾಡುವ ಮೊದಲು ಎರರ್ ನಂಬರ್ ನೋಡಿ

ಬಿಲ್ಡ್ ಲಾಗಿನಲ್ಲಿ 'ನೆಟ್‌ವರ್ಕ್' ಅನ್ನುವ ಪದ ಕಂಡರೆ ಸಾಕು, ಕೈ ತಾನಾಗಿಯೇ ಸ್ಕಿಪ್ ಪಟ್ಟಿಯ, ಅಂದರೆ ಓಡಿಸದೆ ಬಿಡುವ ಟೆಸ್ಟುಗಳ ಪಟ್ಟಿಯ, ಕಡೆ ಹೋಗುತ್ತದೆ. ಟೆಸ್ಟಿನ ಹೆಸರು ಸೇರಿಸು, ಪಕ್ಕದಲ್ಲಿ 'ಇದಕ್ಕೆ ನೆಟ್ ಬೇಕು' ಅಂತ ಒಂದು ಕಾಮೆಂಟ್ ಹಾಕು, ಮುಂದಿನ ಟಿಕೆಟ್ ತೆಗೆದುಕೋ. ಬಿಲ್ಡ್ ಹಸಿರಾಯಿತು, ಎಲ್ಲರೂ ಊಟಕ್ಕೆ ಹೊರಟರು.

ನಾನು ಬೆಂಗಳೂರಿನ ಒಂದು ಆಫೀಸಿನಲ್ಲಿ ಪ್ಯಾಕೇಜಿಂಗ್ ಕೆಲಸ ಮಾಡುತ್ತೇನೆ. ಹೊರಗಿನ ಓಪನ್ ಸೋರ್ಸ್ ಲೈಬ್ರರಿಗಳನ್ನು ತರುವುದು, ನಮ್ಮ ಮೆಷಿನ್ನುಗಳಲ್ಲಿ ಬಿಲ್ಡ್ ಮಾಡುವುದು, ಅವುಗಳ ಟೆಸ್ಟ್ ಓಡಿಸುವುದು, ಪಾಸಾದರೆ ಒಳಗಿನ ರೆಪಾಸಿಟರಿಗೆ ಹಾಕುವುದು. ರಾತ್ರಿ ಮಕ್ಕಳು ಮಲಗಿದ ಮೇಲೆ ಡೆಬಿಯನ್ ಅನ್ನುವ ಲಿನಕ್ಸ್ ವಿತರಣೆಯ ಪ್ಯಾಕೇಜುಗಳ ಬಗ್ ನೋಡುವ ಚಟವೂ ಇದೆ. ಎರಡು ಕಡೆಯೂ ಬಿಲ್ಡ್ ಆಗುವ ಜಾಗದಲ್ಲಿ ಹೊರಗಿನ ನೆಟ್ ಇರುವುದಿಲ್ಲ. ಹಾಗಾಗಿ ಇಂಥ ಟೆಸ್ಟುಗಳ ಜೊತೆ ನನ್ನ ಸಂಸಾರ ಹಳೆಯದು. ನಾನು ನೋಡಿದ ಮಟ್ಟಿಗೆ, 'ನೆಟ್ ಬೇಕು' ಅಂತ ಹಣೆಪಟ್ಟಿ ಹಚ್ಚಿಸಿಕೊಂಡ ಬಹಳಷ್ಟು ಟೆಸ್ಟುಗಳಿಗೆ ನೆಟ್ ಬೇಕಾಗಿಲ್ಲ. ಅವಕ್ಕೆ ಬೇಕಾದದ್ದು ಒಂದು ಫೈಲು, ಒಂದು ಹೆಸರು, ಒಂದು ವಿಳಾಸ. ಕೆಲವು ಸಲ ಅಸಲಿ ಕೋಡಿನಲ್ಲೇ ಒಂದು ರಿಪೇರಿ.

ನೆಟ್ ಯಾಕೆ ಮುಚ್ಚುತ್ತಾರೆ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಬಿಲ್ಡ್ ನಡುವೆ ಯಾವುದೋ ಸ್ಕ್ರಿಪ್ಟು ಹೊರಗಿನಿಂದ ಫೈಲ್ ಎಳೆದುಕೊಂಡರೆ, ಇವತ್ತು ಬಿಲ್ಡ್ ಆದದ್ದು ನಾಳೆ ಹಾಗೇ ಆಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಎಳೆದ ಫೈಲಿನಲ್ಲಿ ಏನಿತ್ತು ಅನ್ನುವ ಲೆಕ್ಕವೂ ಇಲ್ಲ. ಅದಕ್ಕೇ ಡೆಬಿಯನ್ ಪಾಲಿಸಿಯ 4.9ನೇ ವಿಭಾಗ ಬಿಲ್ಡ್ ಹೊತ್ತಿನಲ್ಲಿ ನೆಟ್ ಮುಟ್ಟಬಾರದು ಅನ್ನುತ್ತದೆ. ಆದರೆ ಒಂದು ವಿನಾಯಿತಿ ಕೊಡುತ್ತದೆ: ಬಿಲ್ಡ್ ತಾನೇ ಶುರು ಮಾಡಿದ ಸರ್ವಿಸ್ ಜೊತೆ ಲೂಪ್‌ಬ್ಯಾಕ್ ಮೂಲಕ, ಅಂದರೆ ಮೆಷಿನ್ನು ತನ್ನ ಜೊತೆ ತಾನೇ ಮಾತಾಡುವ 127.0.0.1ರ ದಾರಿಯಲ್ಲಿ, ಮಾತಾಡಬಹುದು. ಬೇರೆ ಪ್ಯಾಕೇಜ್ ವ್ಯವಸ್ಥೆಗಳಾದ ನಿಕ್ಸ್, ಗಿಕ್ಸ್, ಫೆಡೋರಾದ ಮಾಕ್, ಜೆಂಟೂವಿನ ನೆಟ್‌ವರ್ಕ್ ಸ್ಯಾಂಡ್‌ಬಾಕ್ಸ್ ಎಲ್ಲದರದ್ದೂ ಇದೇ ದಾರಿ. ಈ ವಿನಾಯಿತಿಯನ್ನು ನೆನಪಿಡಿ. ಲೋಕಲ್ ಸರ್ವರ್ ಎಬ್ಬಿಸಿ ಅದರ ಜೊತೆ ಮಾತಾಡುವ ಟೆಸ್ಟು ಸ್ಯಾಂಡ್‌ಬಾಕ್ಸಿನಲ್ಲಿ, ಅಂದರೆ ಹೀಗೆ ಹೊರಗಿನ ನೆಟ್ ಮುಚ್ಚಿದ ಬಿಲ್ಡ್ ಜಾಗದಲ್ಲಿ, ಓಡಲೇಬೇಕು. ಓಡಲಿಲ್ಲ ಅಂದರೆ ಅದಕ್ಕೆ ಬೇರೆ ಕಾರಣ ಇದೆ.

ವೈಫೈ ಆಫ್ ಮಾಡಿದರೆ ಸ್ಯಾಂಡ್‌ಬಾಕ್ಸ್ ಆಗುವುದಿಲ್ಲ

ನಮ್ಮ ತಂಡಕ್ಕೆ ಹೊಸದಾಗಿ ಬಂದ ಹುಡುಗಿ ಒಂದು ದಿನ ಚಾಟಿನಲ್ಲಿ ಬರೆದಳು: "ಸರ್, ವೈಫೈ ಆಫ್ ಮಾಡಿಯೂ ನೋಡಿದೆ. ನನ್ನ ಲ್ಯಾಪ್‌ಟಾಪಲ್ಲಿ ಪಾಸ್ ಆಗ್ತಿದೆ. ಬಿಲ್ಡ್ ಮೆಷಿನ್ನಲ್ಲಿ ಮಾತ್ರ ಫೇಲ್." ಅವಳು ಮಾಡಿದ್ದರಲ್ಲಿ ತಪ್ಪೇನಿಲ್ಲ, ಎಲ್ಲರೂ ಮೊದಲು ಮಾಡುವುದೇ ಅದು. ಆದರೆ ವೈಫೈ ಆಫ್ ಮಾಡಿದ ಲ್ಯಾಪ್‌ಟಾಪಿನಲ್ಲಿ ಏನೇನು ಉಳಿದಿರುತ್ತದೆ ನೋಡಿ. ಕಂಟೇನರ್ ಓಡಿಸುವ ಡಾಕರ್ ಹಾಕಿದ್ದರೆ ಅದರ ಬ್ರಿಡ್ಜ್ ಅನ್ನುವ ನೆಟ್‌ವರ್ಕ್ ಇಂಟರ್‌ಫೇಸ್ 172.17.0.1 ಅನ್ನುವ ವಿಳಾಸ ಹಿಡಿದುಕೊಂಡು ಕೂತಿರುತ್ತದೆ. 127.0.0.53ರಲ್ಲಿ ಹೆಸರಿಗೆ ವಿಳಾಸ ಹುಡುಕಿಕೊಡುವ ಸಿಸ್ಟಮ್‌ಡಿಯ ರೆಸಾಲ್ವರ್ ಓಡುತ್ತಿರುತ್ತದೆ. ಹೋಸ್ಟ್ಸ್ ಫೈಲಿನಲ್ಲಿ ಲ್ಯಾಪ್‌ಟಾಪಿನ ಹೆಸರಿನ ಎದುರು 127.0.1.1 ಅಂತ ಡೆಬಿಯನ್ ಇನ್‌ಸ್ಟಾಲರ್ ಬರೆದಿಟ್ಟಿರುತ್ತದೆ. ಸರ್ಟಿಫಿಕೇಟುಗಳ ಕಟ್ಟು ಇರುತ್ತದೆ. ಬಿಲ್ಡ್ ಸ್ಯಾಂಡ್‌ಬಾಕ್ಸಿನಲ್ಲಿ ಇವು ಒಂದೂ ಇಲ್ಲದಿರಬಹುದು.

ಸ್ಯಾಂಡ್‌ಬಾಕ್ಸನ್ನು ಮನೆಯಲ್ಲೇ ಮಾಡಿಕೊಳ್ಳುವುದು ಸುಲಭ. ಲಿನಕ್ಸ್ ಕರ್ನಲ್‌ನಲ್ಲಿ 2008ರ 2.6.24ರಿಂದಲೂ ನೆಟ್‌ವರ್ಕ್ ನೇಮ್‌ಸ್ಪೇಸ್ ಇದೆ, ಅಂದರೆ ಒಂದು ಪ್ರೋಗ್ರಾಮಿಗೆ ಉಳಿದವರಿಂದ ಬೇರೆಯಾದ ತನ್ನದೇ ನೆಟ್‌ವರ್ಕ್ ಕೊಡುವ ಸೌಲಭ್ಯ. 2013ರ 3.8ರಿಂದ ರೂಟ್ ಅಲ್ಲದವರೂ ಯೂಸರ್ ನೇಮ್‌ಸ್ಪೇಸ್ ಜೊತೆ ಸೇರಿಸಿ ಅದನ್ನು ಬಳಸಬಹುದು. ಟರ್ಮಿನಲ್ಲಿನಲ್ಲಿ ಅನ್‌ಶೇರ್ ಕಮ್ಯಾಂಡಿಗೆ ಆರ್ ಮತ್ತು ಎನ್ ಫ್ಲ್ಯಾಗ್ ಎರಡನ್ನೂ ಕೊಟ್ಟು ಒಂದು ಶೆಲ್ ತೆರೆಯಿರಿ. ಆ ಶೆಲ್ ಒಳಗೆ ಹೊರಗಿನ ನೆಟ್ ಇಲ್ಲ. ಉಬುಂಟು 24.04ರಲ್ಲಿ ಆಪ್‌ಆರ್ಮರ್ ಅನ್ನುವ ಸುರಕ್ಷತಾ ಕಾವಲು ಅಡ್ಡ ಬರುತ್ತದೆ. ಅಲ್ಲಿ ಸುಡೋ ಹಾಕಿ ಒಳಗೆ ಹೋಗಿ, ಮತ್ತೆ ನಿಮ್ಮ ಯೂಸರ್ ಆಗಿ ಇಳಿಯಬೇಕು.

ಇಲ್ಲೊಂದು ವಿಷಯ ಗೊತ್ತಿರಲಿ. ಹೀಗೆ ತೆರೆದ ಹೊಸ ನೇಮ್‌ಸ್ಪೇಸಿನಲ್ಲಿ ಲೂಪ್‌ಬ್ಯಾಕ್ ಕೂಡ ಡೌನ್ ಆಗಿರುತ್ತದೆ! 127.0.0.1ಕ್ಕೆ ಕನೆಕ್ಟ್ ಮಾಡಲು ಹೋದರೆ 'ನೆಟ್‌ವರ್ಕ್ ಈಸ್ ಅನ್‌ರೀಚಬಲ್' ಅನ್ನುತ್ತದೆ. ಅಲ್ಲಿ ಸರ್ವರ್ ಎಬ್ಬಿಸಲು ಹೋದರೆ 'ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್' ಅನ್ನುತ್ತದೆ. ನಿಕ್ಸ್ ಮತ್ತು ಸ್ಯಾಂಡ್‌ಬಾಕ್ಸ್ ಮಾಡಿಕೊಡುವ ಬಬಲ್‌ರಾಪ್ ತಾವೇ ಅದನ್ನು ಮೇಲೆಬ್ಬಿಸಿ ಕೊಡುತ್ತವೆ. ಬರೀ ಅನ್‌ಶೇರ್ ಬಳಸಿದರೆ ಐಪಿ ಕಮ್ಯಾಂಡಿನಿಂದ 'ಲೋ' ಇಂಟರ್‌ಫೇಸನ್ನು ನೀವೇ ಅಪ್ ಮಾಡಬೇಕು. ಯಾರೋ ಕೈಯಲ್ಲಿ ಬರೆದ ಬಿಲ್ಡ್ ಸ್ಕ್ರಿಪ್ಟಿನಲ್ಲಿ ಈ ಒಂದು ಸಾಲು ಬಿಟ್ಟುಹೋಗಿ, ಅದರಿಂದಲೇ ಲೋಕಲ್ ಟೆಸ್ಟುಗಳೆಲ್ಲ ಸ್ಕಿಪ್ ಪಟ್ಟಿ ಸೇರಿದ್ದನ್ನು ನೋಡಿದ್ದೇನೆ.

ನೆಟ್ ಮುಚ್ಚುವ ಇನ್ನೊಂದು ರೀತಿ ಆಫೀಸಿನ ಫೈರ್‌ವಾಲ್. ಅದು ಹೊರಗೆ ಹೋಗುವ ಪ್ಯಾಕೆಟ್ಟನ್ನು ಮಾತಿಲ್ಲದೆ ಬೀಳಿಸುತ್ತದೆ. ಫೋನ್ ಮಾಡಿದಾಗ 'ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ' ಅಂತ ಕೇಳಿಸುವುದಕ್ಕೂ, ಸುಮ್ನೆ ರಿಂಗ್ ಆಗುತ್ತಲೇ ಇರುವುದಕ್ಕೂ ಇರುವ ವ್ಯತ್ಯಾಸ ಇದು. ನೇಮ್‌ಸ್ಪೇಸ್ ಮೊದಲನೆಯ ಥರ, ತಕ್ಷಣ ಇಲ್ಲ ಅನ್ನುತ್ತದೆ. ಫೈರ್‌ವಾಲ್ ಎರಡನೆಯ ಥರ, ಕಾಯಿಸುತ್ತದೆ. ಒಂದೇ ಟೆಸ್ಟು ಒಂದು ಕಡೆ ಪಾಸಾಗಿ ಇನ್ನೊಂದು ಕಡೆ ಬೀಳುವುದಕ್ಕೆ ಇಷ್ಟೇ ಸಾಕು.

ಇದಕ್ಕೆ ಪೈಥಾನ್‌ನ ರಿಕ್ವೆಸ್ಟ್ಸ್ ಅನ್ನುವ ಎಚ್‌ಟಿಟಿಪಿ ಲೈಬ್ರರಿಯ ಟೆಸ್ಟುಗಳೇ ಒಳ್ಳೆಯ ಉದಾಹರಣೆ. ಅಲ್ಲಿ 10.255.255.1 ಅನ್ನುವ ವಿಳಾಸಕ್ಕೆ ಟಾರ್‌ಪಿಟ್ ಅಂತ ಹೆಸರಿಟ್ಟಿದ್ದಾರೆ. ಅಲ್ಲಿ ಯಾರೂ ಇಲ್ಲ, ಉತ್ತರ ಬರುವುದಿಲ್ಲ, ಆದ್ದರಿಂದ ಕನೆಕ್ಟ್ ಟೈಮ್‌ಔಟ್ ಆಗಲೇಬೇಕು ಅನ್ನುವುದು ಟೆಸ್ಟಿನ ನಂಬಿಕೆ. ಮಾಮೂಲಿ ಮನೆ ನೆಟ್ಟಿನಲ್ಲಿ ಹಾಗೇ ಆಗುತ್ತದೆ. ಪ್ಯಾಕೆಟ್ ಬೀಳಿಸುವ ಫೈರ್‌ವಾಲ್ ಹಿಂದೆಯೂ ಹಾಗೇ. ನೇಮ್‌ಸ್ಪೇಸ್ ಒಳಗೆ ಮಾತ್ರ ಆ ವಿಳಾಸಕ್ಕೆ ರೂಟೇ ಇಲ್ಲ. ಕರ್ನಲ್ ಕಾಯದೆ ಎರರ್ 101, 'ನೆಟ್‌ವರ್ಕ್ ಈಸ್ ಅನ್‌ರೀಚಬಲ್' ಅಂತ ವಾಪಸ್ ಕಳಿಸುತ್ತದೆ. ಟೈಮ್‌ಔಟ್ ಎಕ್ಸೆಪ್ಷನ್ ಕಾಯುತ್ತಿದ್ದ ಟೆಸ್ಟಿಗೆ ಬೇರೆ ಎಕ್ಸೆಪ್ಷನ್ ಸಿಕ್ಕಿ ಅದು ಬೀಳುತ್ತದೆ. ತಮಾಷೆ ಏನೆಂದರೆ ಈ ಟೆಸ್ಟಿಗೆ ಬೇಕಾದದ್ದು ನೆಟ್ಟಿನ ಉತ್ತರ ಅಲ್ಲ, ಮೌನ. ಯುಆರ್‌ಎಲ್‌ಲಿಬ್3 ಅನ್ನುವ ಇನ್ನೊಂದು ಲೈಬ್ರರಿಯ ತಂಡದವರು ಇದನ್ನು ಚೆನ್ನಾಗಿ ನಿಭಾಯಿಸಿದ್ದಾರೆ. ಅವರ ಟೆಸ್ಟುಗಳು ಮೊದಲು ಟಾರ್‌ಪಿಟ್ ಕಡೆ ಒಂದು ಪುಟ್ಟ ಕನೆಕ್ಷನ್ ಹಾಕಿ ನೋಡುತ್ತವೆ. 'ಅನ್‌ರೀಚಬಲ್' ಬಂದರೆ ಕಾರಣ ಹೇಳಿ ತಾವೇ ಸ್ಕಿಪ್ ಆಗುತ್ತವೆ. ಪ್ಯಾಕೇಜ್ ಮಾಡುವವರಿಗೆ ತಲೆನೋವಿಲ್ಲ.

ನಂಬರ್ ಏನು ಹೇಳುತ್ತದೆ

ಲಾಗಿನಲ್ಲಿ ಐವತ್ತು ಸಾಲಿನ ಟ್ರೇಸ್‌ಬ್ಯಾಕ್ ಇರುತ್ತದೆ. ನಾನು ಮೊದಲು ನೋಡುವುದು ಕೊನೆಯಲ್ಲಿರುವ ಎರರ್ ನಂಬರನ್ನು. ಲಿನಕ್ಸಿನಲ್ಲಿ 101 ಅಂದರೆ ಹೋಗುವ ದಾರಿಯೇ ಇಲ್ಲ. 111 ಅಂದರೆ ದಾರಿ ಇದೆ, ಆ ಪೋರ್ಟಿನಲ್ಲಿ ಕೇಳುವವರಿಲ್ಲ. ಇವೆರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಆದರೆ ಸ್ಯಾಂಡ್‌ಬಾಕ್ಸಿನಲ್ಲಿ 111 ಬಂದರೆ ಅದು ಹೆಚ್ಚುಕಮ್ಮಿ ಖಂಡಿತ ಲೋಕಲ್ ವಿಷಯ. ಹೊರಗೆ ಹೋಗಲು ಪ್ರಯತ್ನಿಸಿದ್ದರೆ 101 ಬರಬೇಕಿತ್ತು, ಅಲ್ವಾ? 99 ಬಂದರೆ ಕೇಳಿದ ವಿಳಾಸ ಈ ಮೆಷಿನ್ನಿನಲ್ಲೇ ಇಲ್ಲ. ಸಾಮಾನ್ಯವಾಗಿ ಇದು ಐಪಿವಿ6 ಬಂದ್ ಮಾಡಿದ ಕಂಟೇನರ್. ಹೋಸ್ಟ್ಸ್ ಫೈಲು ಲೋಕಲ್‌ಹೋಸ್ಟ್ ಅಂದರೆ ::1 (127.0.0.1ರ ಐಪಿವಿ6 ರೂಪ) ಅಂತ ಹೇಳುತ್ತಿರುತ್ತದೆ, ಇಂಟರ್‌ಫೇಸಿನ ಮೇಲೆ ಆ ವಿಳಾಸ ಇರುವುದಿಲ್ಲ.

ಹೆಸರು ಹುಡುಕುವಾಗ ಬರುವ ಎರರುಗಳ ಲೆಕ್ಕ ಬೇರೆ. ಮೈನಸ್ 3, 'ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್' ಅಂದರೆ ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್ ಸರ್ವರನ್ನು ಕೇಳಲು ಹೋಗಿ ಉತ್ತರ ಸಿಗಲಿಲ್ಲ. ಮೈನಸ್ 2, 'ನೇಮ್ ಆರ್ ಸರ್ವಿಸ್ ನಾಟ್ ನೋನ್' ಅಂದರೆ ಹೆಸರು ಇಲ್ಲ ಅಂತ ತೀರ್ಮಾನವೇ ಆಗಿದೆ. ನೆಟ್ಟೇ ಇಲ್ಲದ ಜಾಗದಲ್ಲಿ ಇಲ್ಲ ಅಂತ ತೀರ್ಮಾನ ಮಾಡಿದವರು ಯಾರು? ಮೈನಸ್ 2 ಬಂದಾಗ ನನ್ನ ಕಿವಿ ನೆಟ್ಟಗಾಗುತ್ತದೆ. ಅದರ ಕತೆ ಮುಂದೆ ಹೇಳುತ್ತೇನೆ.

ಇದೇ ವ್ಯತ್ಯಾಸ ಟೆಸ್ಟುಗಳನ್ನೂ ಬೀಳಿಸುತ್ತದೆ. 'ಡಾಟ್ ಇನ್‌ವ್ಯಾಲಿಡ್' ಎಂದು ಕೊನೆಯಾಗುವ ಹೆಸರುಗಳು ಎಂದೂ ಅಸ್ತಿತ್ವದಲ್ಲಿ ಇರಬಾರದು ಅಂತ 1999ರ ಆರ್‌ಎಫ್‌ಸಿ 2606 ಅನ್ನುವ ಇಂಟರ್ನೆಟ್ ನಿಯಮಗಳ ದಾಖಲೆ ಕಾದಿರಿಸಿದೆ. ಅಂಥ ಹೆಸರು ಕೊಟ್ಟು ಮೈನಸ್ 2 ನಿರೀಕ್ಷಿಸುವ ಟೆಸ್ಟುಗಳಿವೆ. ಸ್ಯಾಂಡ್‌ಬಾಕ್ಸಿನಲ್ಲಿ ಮೈನಸ್ 3 ಬರುತ್ತದೆ, ಟೆಸ್ಟ್ ಮಗುಚಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಹಿಂದೆ ಇದ್ದ ಬ್ರಾಡ್‌ಬ್ಯಾಂಡಿನಲ್ಲಿ ಇನ್ನೂ ಚಂದ. ಇಲ್ಲದ ಹೆಸರು ಕೇಳಿದರೆ ಅವರ ಜಾಹೀರಾತು ಪುಟದ ವಿಳಾಸ ಕೊಡುತ್ತಿದ್ದರು. ಟೆಸ್ಟು ಕನೆಕ್ಟ್ ಆಗಿ, ಪೇಜ್ ಪಡೆದು, ಆಮೇಲೆ ಫೇಲ್ ಆಗುತ್ತಿತ್ತು.

ನೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ

ನನಗೆ ಬಹಳ ಇಷ್ಟದ ಕೇಸು ನೆಟ್‌ಬೇಸ್. ಡೆಬಿಯನ್‌ನಲ್ಲಿ ಇದೊಂದು ಪುಟ್ಟ ಪ್ಯಾಕೇಜು. ಅದರೊಳಗೆ ಇಟಿಸಿ ಫೋಲ್ಡರಿಗೆ ಹೋಗುವ ಪ್ರೋಟೋಕಾಲ್ಸ್ ಮತ್ತು ಸರ್ವಿಸಸ್ ಅನ್ನುವ ಫೈಲುಗಳಿವೆ. ಟಿಸಿಪಿ ಅಂದರೆ 6, ಯುಡಿಪಿ ಅಂದರೆ 17, ಎಚ್‌ಟಿಟಿಪಿ ಅಂದರೆ 80ನೇ ಪೋರ್ಟು. ಇಷ್ಟೇ ಸಾಮಾನು. ಎಲ್ಲರ ಲ್ಯಾಪ್‌ಟಾಪಿನಲ್ಲೂ ಇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಲ್ಡ್ ಮಾಡುವ ಖಾಲಿ ಕ್ರೂಟಿನಲ್ಲಿ, ಅಂದರೆ ಬಿಲ್ಡಿಗೆಂದೇ ಬೇರೆ ಮಾಡಿದ ಫೋಲ್ಡರಿನೊಳಗಿನ ಪುಟ್ಟ ಸಿಸ್ಟಮ್ಮಿನಲ್ಲಿ, ಇರುವುದಿಲ್ಲ.

ಒಂದು ಹಳೆಯ ಪರ್ಲ್ ಮಾಡ್ಯೂಲು ಸಾಕೆಟ್ ತೆರೆಯುವ ಮೊದಲು 'ಟಿಸಿಪಿಯ ನಂಬರ್ ಏನು' ಅಂತ ಗೆಟ್‌ಪ್ರೋಟೋಬೈನೇಮ್ ಕರೆದು ಕೇಳುತ್ತದೆ. ಫೈಲ್ ಇಲ್ಲ, ಉತ್ತರ ಇಲ್ಲ. ಮಾಡ್ಯೂಲು ಅದನ್ನು ಗಮನಿಸದೆ ಮುಂದೆ ಹೋಗಿ, ಕೊನೆಗೆ 'ಸರ್ವರಿಗೆ ಕನೆಕ್ಟ್ ಆಗಲಿಲ್ಲ' ಅಂತ ಹೇಳಿ ಸಾಯುತ್ತದೆ. ಲಾಗ್ ಓದಿದವರು ಏನಂದುಕೊಳ್ಳುತ್ತಾರೆ? ನೆಟ್ ಬೇಕಿತ್ತು, ಸಿಗಲಿಲ್ಲ. ಸ್ಕಿಪ್. ಆದರೆ ಬಿಲ್ಡ್ ಡಿಪೆಂಡೆನ್ಸಿಗೆ ನೆಟ್‌ಬೇಸ್ ಅಂತ ಒಂದು ಪದ ಸೇರಿಸಿದರೆ ಇಡೀ ಟೆಸ್ಟ್ ಸೂಟ್ ಎದ್ದು ಕೂರುತ್ತದೆ. ನಿಕ್ಸಿನಲ್ಲಿ ಇದೇ ಕೆಲಸಕ್ಕೆ ಅಯಾನಾ-ಇಟಿಸಿ ಅನ್ನುವ ಪ್ಯಾಕೇಜ್ ತಂದು, ಫೈಲ್ ತೆರೆಯುವ ಕರೆಯನ್ನು ಅದರ ಕಡೆ ತಿರುಗಿಸುತ್ತಾರೆ.

ಸರ್ಟಿಫಿಕೇಟುಗಳೂ ಇದೇ ಜಾತಿ. ಟಿಎಲ್‌ಎಸ್ (ಎನ್‌ಕ್ರಿಪ್ಟ್ ಆದ ಕನೆಕ್ಷನ್) ಕಾಂಟೆಕ್ಸ್ಟ್ ತಯಾರಿಸುವಾಗಲೇ ಲೈಬ್ರರಿ, ಯಾರ ಸರ್ಟಿಫಿಕೇಟು ನಂಬಬೇಕು ಅಂತ ಹೇಳುವ ಸಿಎ ಫೈಲ್ ಓದುತ್ತದೆ. ಒಂದು ಪ್ಯಾಕೆಟ್ಟೂ ಹೊರಗೆ ಹೋಗಿರುವುದಿಲ್ಲ. ನಿಕ್ಸ್ ಬಿಲ್ಡಿನಲ್ಲಿ ಆ ಫೈಲಿನ ದಾರಿಯನ್ನು ಬೇಕೆಂತಲೇ ಇಲ್ಲದ ಹೆಸರಿಗೆ ಕಟ್ಟಿರುತ್ತಾರೆ, 'ನೋ ಸರ್ಟ್ ಫೈಲ್' ಅಂತ. ಯಾರೋ ತಮಾಷೆ ಮಾಡಿದ್ದಾರೆ ಅನ್ನಿಸುತ್ತದೆ. ಆದರೆ ಆ ಹೆಸರು ಲಾಗಿನಲ್ಲಿ ಕಂಡ ತಕ್ಷಣ ಏನಾಯಿತು ಅಂತ ಗೊತ್ತಾಗುತ್ತದೆ. ಒಳ್ಳೆಯ ಯೋಚನೆ.

ಪೋರ್ಟ್ 9

ಡೆಬಿಯನ್‌ನಲ್ಲಿ ಪೈಥಾನ್ ಪ್ಯಾಕೇಜುಗಳನ್ನು ಬಿಲ್ಡ್ ಮಾಡುವ ಪೈಬಿಲ್ಡ್ ಒಂದು ಹಳೆಯ ಉಪಾಯ ಮಾಡುತ್ತದೆ. ಯಾವ ಮಧ್ಯವರ್ತಿ ಸರ್ವರ್ ಮೂಲಕ ಹೊರಗೆ ಹೋಗಬೇಕು ಅಂತ ಹೇಳುವ ಎಚ್‌ಟಿಟಿಪಿ ಪ್ರಾಕ್ಸಿ ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನು 127.0.0.1ರ 9ನೇ ಪೋರ್ಟಿಗೆ ತಿರುಗಿಸುತ್ತದೆ. 9 ಅಂದರೆ ಡಿಸ್ಕಾರ್ಡ್ ಪೋರ್ಟ್, ಅಲ್ಲಿ ಯಾರೂ ಕೇಳುತ್ತಿರುವುದಿಲ್ಲ. ಯಾವುದಾದರೂ ಸ್ಕ್ರಿಪ್ಟು ಕದ್ದು ಮುಚ್ಚಿ ಡೌನ್‌ಲೋಡ್ ಮಾಡಲು ಹೋದರೆ ತಕ್ಷಣ ಸಿಕ್ಕಿಬೀಳಲಿ ಅಂತ ಈ ಏರ್ಪಾಡು. ನಮ್ಮ ಆಫೀಸಿನ ಬಿಲ್ಡ್ ಸ್ಕ್ರಿಪ್ಟನ್ನು ಬರೆದ ಪುಣ್ಯಾತ್ಮರೂ ಇದನ್ನೇ ಎತ್ತಿಕೊಂಡಿದ್ದಾರೆ.

ಇದರ ಅಡ್ಡ ಪರಿಣಾಮ ನೋಡಿ. ಟೆಸ್ಟು ತನ್ನದೇ ಸರ್ವರನ್ನು 127.0.0.1ರ ಯಾವುದೋ ಪೋರ್ಟಿನಲ್ಲಿ ಎಬ್ಬಿಸುತ್ತದೆ. ಸರ್ವರ್ ಸರಿಯಾಗೇ ಓಡುತ್ತಿದೆ. ಕ್ಲೈಂಟು ಮಾತ್ರ ಎನ್ವಿರಾನ್‌ಮೆಂಟಿನಲ್ಲಿ ಪ್ರಾಕ್ಸಿ ನೋಡಿ, ಅದರ ಮೂಲಕ ಹೋಗಲು 9ನೇ ಪೋರ್ಟಿನ ಬಾಗಿಲು ತಟ್ಟುತ್ತದೆ. 111. ಎರರ್ ಮೆಸೇಜಿನಲ್ಲಿ ಸರ್ವರಿನ ಯುಆರ್‌ಎಲ್ ದೊಡ್ಡದಾಗಿ ಕಾಣುತ್ತದೆ, ಪ್ರಾಕ್ಸಿಯ ಮಾತು ಎಲ್ಲೋ ಮೂಲೆಯಲ್ಲಿ. ಸರ್ವರ್ ಏಳುವ ಮೊದಲೇ ಕ್ಲೈಂಟ್ ಓಡಿದೆ ಅಂದುಕೊಂಡು ಸ್ಲೀಪ್ ಸೇರಿಸುವವರಿದ್ದಾರೆ. ಎರಡು ಸೆಕೆಂಡ್ ಸಾಲದೆ ಐದು, ಐದು ಸಾಲದೆ ಹತ್ತು. ನೋ ಪ್ರಾಕ್ಸಿ ವೇರಿಯಬಲ್ಲಿಗೆ 127.0.0.1 ಸೇರಿಸಿದರೆ ಮುಗಿಯಿತು. ಅಲ್ಲಿ ಬರೀ ಲೋಕಲ್‌ಹೋಸ್ಟ್ ಅಂತ ಬರೆದಿದ್ದರೆ ಸಾಲದು, ಹೆಸರನ್ನು ಅಕ್ಷರಕ್ಕಕ್ಷರ ಹೋಲಿಸುವ ಲೈಬ್ರರಿಗಳೇ ಜಾಸ್ತಿ.

ಇಂಥದ್ದನ್ನು ಹಿಡಿಯಲು, ಪ್ರೋಗ್ರಾಂ ಕರ್ನಲ್ಲಿಗೆ ಮಾಡುವ ಕರೆಗಳನ್ನು ಬರೆದಿಡುವ ಎಸ್‌ಟ್ರೇಸ್‌ಗಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ. ಬಿದ್ದ ಟೆಸ್ಟ್ ಒಂದನ್ನೇ ಆರಿಸಿ, ಮಕ್ಕಳ ಪ್ರೋಸೆಸ್ಸುಗಳನ್ನೂ ಹಿಂಬಾಲಿಸುವ ಎಫ್ ಫ್ಲ್ಯಾಗ್ ಹಾಕಿ, ನೆಟ್‌ವರ್ಕ್ ಕರೆಗಳನ್ನು ಮಾತ್ರ ಒಂದು ಫೈಲಿಗೆ ಬರೆಸುತ್ತೇನೆ. ಆಮೇಲೆ ಆ ಫೈಲಿನಲ್ಲಿ ಕನೆಕ್ಟ್ ಅನ್ನುವ ಸಾಲುಗಳನ್ನು ಮಾತ್ರ ಹೆಕ್ಕಿ ಓದುವುದು. ಲೈಬ್ರರಿ ಏನು ಹೇಳಿದರೂ, ಕರ್ನಲ್ಲನ್ನು ನಿಜಕ್ಕೂ ಏನು ಕೇಳಿತು ಅನ್ನುವುದು ಅಲ್ಲಿರುತ್ತದೆ. 9ನೇ ಪೋರ್ಟ್ ಕಂಡರೆ ಪ್ರಾಕ್ಸಿ. 53ನೇ ಪೋರ್ಟ್ ಕಂಡರೆ ಯಾರೋ ಹೆಸರು ಹುಡುಕುತ್ತಿದ್ದಾರೆ. ರೆಸಾಲ್ವರ್ ಫೈಲಿನಲ್ಲಿ ಸರ್ವರ್ ಬರೆದಿಲ್ಲದಿದ್ದರೆ ಲಿನಕ್ಸಿನ ಮೂಲ ಸಿ ಲೈಬ್ರರಿ ಜಿಲಿಬ್‌ಸಿ 127.0.0.1ರ 53ನ್ನೇ ಕೇಳುತ್ತದೆ, ಅದು ಕಂಡು ಗಾಬರಿಯಾಗಬೇಡಿ. ಹುಡುಕಿದ ಹೆಸರುಗಳನ್ನು ನೆನಪಿಡುವ ಎನ್‌ಎಸ್‌ಸಿಡಿ ಸರ್ವಿಸಿನ ಸಾಕೆಟ್ ಸಿಗಲಿಲ್ಲ ಅನ್ನುವ ಸಾಲುಗಳೂ ಬರುತ್ತವೆ. ಅವು ಬರೀ ಗಲಾಟೆ, ದಾಟಿ ಮುಂದೆ ಹೋಗಿ.

ಮೈನಸ್ 2ರ ಕತೆ

ಈಗ ಮೊದಲು ಬಿಟ್ಟ ಮಾತಿಗೆ ಬರುತ್ತೇನೆ. ಸಿ ಪ್ಲಸ್ ಪ್ಲಸ್‌ನ ಒಂದು ಲೈಬ್ರರಿ. ಸ್ಯಾಂಡ್‌ಬಾಕ್ಸಿನಲ್ಲಿ ಟೆಸ್ಟು 127.0.0.1 ಅನ್ನುವ ವಿಳಾಸವನ್ನೇ ರಿಸಾಲ್ವ್ ಮಾಡಲು ಆಗಲಿಲ್ಲ ಅಂತ ಮೈನಸ್ 2 ಕೊಟ್ಟು ಬೀಳುತ್ತಿತ್ತು. ಅದು ಹೆಸರೇ ಅಲ್ಲ, ಅಂಕಿ! ಅದನ್ನು ಹುಡುಕಲು ಡಿಎನ್‌ಎಸ್ ಯಾಕೆ ಬೇಕು? ಎಸ್‌ಟ್ರೇಸ್‌ನಲ್ಲಿ ನೋಡಿದರೆ 53ನೇ ಪೋರ್ಟಿಗೆ ಒಂದು ಕನೆಕ್ಟೂ ಇಲ್ಲ. ಬದಲಿಗೆ ಒಂದು ನೆಟ್‌ಲಿಂಕ್ ಸಾಕೆಟ್ ತೆರೆದು, ಮೆಷಿನ್ನಿನಲ್ಲಿ ಯಾವ್ಯಾವ ವಿಳಾಸ ಇವೆ ಅಂತ ಕರ್ನಲ್ಲನ್ನು ಕೇಳಿ, ಸುಮ್ಮನಾಗಿತ್ತು.

ಕಾರಣ ಹೆಸರಿಗೆ ವಿಳಾಸ ಹುಡುಕುವ ಗೆಟ್‌ಅಡ್ರ್‌ಇನ್ಫೋ ಕರೆಯ ಅಡ್ರೆಸ್-ಕಾನ್ಫಿಗ್ ಅನ್ನುವ ಫ್ಲ್ಯಾಗು. ಅದರ ಅರ್ಥ: ಈ ಮೆಷಿನ್ನಿಗೆ ಐಪಿವಿ4 ವಿಳಾಸ ಇದ್ದರೆ ಮಾತ್ರ ಐಪಿವಿ4 ಉತ್ತರ ಕೊಡು, ಐಪಿವಿ6 ಇದ್ದರೆ ಮಾತ್ರ ಐಪಿವಿ6. ಐಪಿವಿ6 ಇಲ್ಲದವರು ಸುಮ್ನೆ ಅದಕ್ಕೆ ಕನೆಕ್ಟ್ ಮಾಡಿ ಸಮಯ ಕಳೆಯಬಾರದು ಅನ್ನುವ ಒಳ್ಳೆಯ ಉದ್ದೇಶ. ಆದರೆ ಈ ಎಣಿಕೆಯಲ್ಲಿ ಲೂಪ್‌ಬ್ಯಾಕ್ ಲೆಕ್ಕಕ್ಕಿಲ್ಲ. ಲೂಪ್‌ಬ್ಯಾಕ್ ಬಿಟ್ಟು ಬೇರೇನೂ ಇಲ್ಲದ ಸ್ಯಾಂಡ್‌ಬಾಕ್ಸಿನಲ್ಲಿ 'ನನಗೆ ಐಪಿವಿ4 ಬೇಕು' ಅಂತ ಹೇಳಿ ಈ ಫ್ಲ್ಯಾಗ್ ಹಾಕಿದರೆ, ಜಿಲಿಬ್‌ಸಿ 'ಇಲ್ಲಿ ಐಪಿವಿ4 ಇಲ್ಲವಲ್ಲ' ಅಂತ ತಾನೇ ತೀರ್ಮಾನಿಸಿ ಮೈನಸ್ 2 ಕೊಡುತ್ತದೆ. ಸಿ ಪ್ಲಸ್ ಪ್ಲಸ್‌ನ ನೆಟ್‌ವರ್ಕ್ ಲೈಬ್ರರಿ ಬೂಸ್ಟ್ ಏಸಿಯೋದ ಹಳೆಯ ಕ್ವೆರಿ ಕ್ಲಾಸಿನಲ್ಲಿ ಈ ಫ್ಲ್ಯಾಗ್ ತಾನಾಗಿಯೇ ಹತ್ತಿಕೊಂಡಿರುತ್ತದೆ. ಬರೆದವರಿಗೇ ಗೊತ್ತಿರುವುದಿಲ್ಲ.

ಹೊಸ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ವೈಫೈ ಆಫ್ ಮಾಡಿದಾಗಲೂ ಪಾಸಾಗುತ್ತಿದ್ದದ್ದು ಇದೇ ಟೆಸ್ಟು. ಡಾಕರ್ ಬ್ರಿಡ್ಜಿನ 172.17.0.1 ಇತ್ತಲ್ಲ, ಅದೇ ಐಪಿವಿ4 ಹಾಜರಿ ಹಾಕಿತ್ತು. ಡಾಕರ್ ನಿಲ್ಲಿಸಿದ ಮೇಲೂ ಬ್ರಿಡ್ಜ್ ಹಾಗೇ ಇತ್ತು. ಅದನ್ನು ಕಿತ್ತುಹಾಕಿ ಓಡಿಸಿ ಅಂತ ಹೇಳಿದೆ. ಅವಳ ಹತ್ತಿರವೂ ಬಿತ್ತು. "ಅಯ್ಯೋ, ಇದಕ್ಕೂ ಡಾಕರಿಗೂ ಏನು ಸರ್ ಸಂಬಂಧ" ಅಂದಳು. ಪ್ಯಾಚನ್ನು ಅವಳೇ ಬರೆದಳು. ಅಂಕಿಯ ವಿಳಾಸ ಕೊಟ್ಟಾಗ ಆ ಫ್ಲ್ಯಾಗ್ ತೆಗೆಯುವುದು, ಅಷ್ಟೇ.

ಇದರ ಇನ್ನೊಂದು ಮುಖ ಹೊರಗೆ ಬರೀ ಐಪಿವಿ6 ಇರುವ ಮೆಷಿನ್ನುಗಳಲ್ಲಿ ಕಾಣುತ್ತದೆ. ಅಲ್ಲಿ ಟೆಸ್ಟು ಐಪಿವಿ4, ಐಪಿವಿ6ರಲ್ಲಿ ಯಾವ ಕುಟುಂಬ ಬೇಕು ಅಂತ ಹೇಳದೆ ಇದೇ ಫ್ಲ್ಯಾಗ್ ಹಾಕಿ ಲೋಕಲ್‌ಹೋಸ್ಟ್ ಕೇಳಿದರೆ ::1 ಮಾತ್ರ ಸಿಗುತ್ತದೆ. ಸರ್ವರ್ ಎದ್ದಿರುವುದು 127.0.0.1ರಲ್ಲಿ. ಮತ್ತೆ 111. ಇಬ್ಬರೂ ಒಂದೇ ಮೆಷಿನ್ನಿನಲ್ಲಿದ್ದರೂ ಭೇಟಿಯಾಗಲಿಲ್ಲ. ಗೋ ಭಾಷೆಯ ಎಚ್‌ಟಿಟಿಪಿಟೆಸ್ಟ್ ಪ್ಯಾಕೇಜಿನಲ್ಲಿ ಈ ರಗಳೆ ಕಡಿಮೆ. ಅದು 127.0.0.1ರಲ್ಲಿ ಪೋರ್ಟ್ ಸೊನ್ನೆ ಕೇಳಿ ಖಾಲಿ ಪೋರ್ಟ್ ಪಡೆಯುತ್ತದೆ, ಆಗದಿದ್ದರೆ ::1 ನೋಡುತ್ತದೆ, ಕ್ಲೈಂಟಿಗೆ ತಾನು ಪಡೆದ ವಿಳಾಸವನ್ನೇ ಕೊಡುತ್ತದೆ. ಹೆಸರಿನ ತಂಟೆಗೇ ಹೋಗುವುದಿಲ್ಲ.

ಟೆಸ್ಟಿನದ್ದಲ್ಲ, ಕೋಡಿನದ್ದೇ ತಪ್ಪು

ಸ್ಕಿಪ್ ಮಾಡಬೇಡಿ ಅಂತ ನಾನು ಹಟ ಹಿಡಿಯುವುದು ಮುಖ್ಯವಾಗಿ ಇಂಥವುಗಳಿಗಾಗಿ. 'ನನ್ನ ಐಪಿ ಯಾವುದು' ಅಂತ ತಿಳಿಯಲು ಬಹಳ ಜನ ಒಂದು ಟ್ರಿಕ್ ಬಳಸುತ್ತಾರೆ. ಯುಡಿಪಿ ಸಾಕೆಟ್ ತೆರೆದು 8.8.8.8ಕ್ಕೆ ಕನೆಕ್ಟ್ ಮಾಡಿ, ಸಾಕೆಟ್ ಯಾವ ವಿಳಾಸ ಹಿಡಿಯಿತು ಅಂತ ನೋಡುವುದು. ಪ್ಯಾಕೆಟ್ ಏನೂ ಹೋಗುವುದಿಲ್ಲ, ಕರ್ನಲ್ ರೂಟಿಂಗ್ ಟೇಬಲ್ ನೋಡಿ ಉತ್ತರ ಕೊಡುತ್ತದೆ. ಟೇಬಲ್ಲಿನಲ್ಲಿ ದಾರಿಯೇ ಇಲ್ಲದಿದ್ದರೆ 101 ಎಕ್ಸೆಪ್ಷನ್. ಲೈಬ್ರರಿಯಲ್ಲಿ ಅದನ್ನು ಹಿಡಿಯುವ ಕೋಡ್ ಇಲ್ಲದಿದ್ದರೆ ಟೆಸ್ಟ್ ಬಿತ್ತು.

ಟೆಸ್ಟ್ ಬಿದ್ದದ್ದು ಸ್ಯಾಂಡ್‌ಬಾಕ್ಸಿನಲ್ಲಿ ನಿಜ. ಆದರೆ ಮಂಗಳೂರು ರೈಲಿನಲ್ಲಿ ಸಕಲೇಶಪುರ ದಾಟಿ ಘಾಟಿಯ ಸುರಂಗಗಳ ನಡುವೆ ಲ್ಯಾಪ್‌ಟಾಪ್ ತೆರೆದವನಿಗೂ ಯಾವ ವೈಫೈಯೂ ಇರುವುದಿಲ್ಲ. ಅವನ ಅಪ್ಲಿಕೇಷನ್ನೂ ಶುರುವಿನಲ್ಲೇ ಬೀಳುತ್ತದೆ. ನೆಟ್ ಬೇಕಿಲ್ಲದ ಅಪ್ಲಿಕೇಷನ್ ಕೂಡ. ಬಿಲ್ಡ್ ಮೆಷಿನ್ನು ಪುಕ್ಕಟೆಯಾಗಿ ತೋರಿಸಿಕೊಟ್ಟ ಬಗ್ಗನ್ನು ನಾವು ಪಟ್ಟಿಯಲ್ಲಿ ಮುಚ್ಚಿಡುತ್ತೇವೆ. 101 ಬಂದರೆ 127.0.0.1 ಬಳಸು ಅಂತ ಹೇಳುವ ನಾಲ್ಕು ಸಾಲಿನ ಪ್ಯಾಚು ಕಳಿಸಿದರೆ ಅಪ್‌ಸ್ಟ್ರೀಮಿನವರು, ಅಂದರೆ ಆ ಲೈಬ್ರರಿ ಬರೆಯುವವರು, ಸಾಮಾನ್ಯವಾಗಿ ಖುಷಿಯಿಂದಲೇ ತೆಗೆದುಕೊಳ್ಳುತ್ತಾರೆ.

ಬೀಳದೆ ನಿಧಾನವಾಗುವ ಟೆಸ್ಟುಗಳೂ ಇವೆ. ಪೈಥಾನ್‌ನ ಎಚ್‌ಟಿಟಿಪಿ ಸರ್ವರ್ ಕ್ಲಾಸು ಎದ್ದೇಳುವಾಗ ತನ್ನ ಪೂರ್ತಿ ಹೆಸರೇನು ಅಂತ ಕೇಳುತ್ತದೆ. ಹೋಸ್ಟ್ ಖಾಲಿ ಬಿಟ್ಟಿದ್ದರೆ ಮೆಷಿನ್ನಿನ ಹೆಸರನ್ನು ಹುಡುಕುತ್ತದೆ, ಹೋಸ್ಟ್ಸ್ ಫೈಲಿನಲ್ಲಿ ಅದು ಇಲ್ಲದಿದ್ದರೆ ಡಿಎನ್‌ಎಸ್‌ಗೆ ಹೋಗುತ್ತದೆ. ಪ್ಯಾಕೆಟ್ ಬೀಳಿಸುವ ಫೈರ್‌ವಾಲ್ ಹಿಂದೆ ಜಿಲಿಬ್‌ಸಿ 5 ಸೆಕೆಂಡ್ ಕಾದು, ಇನ್ನೊಮ್ಮೆ 5 ಸೆಕೆಂಡ್ ಕಾಯುತ್ತದೆ. ಪ್ರತಿ ಟೆಸ್ಟಿಗೂ ಹೊಸ ಸರ್ವರ್ ಎಬ್ಬಿಸುವ ಸೂಟಿನಲ್ಲಿ ಇದು ಗಂಟೆಗಳ ಲೆಕ್ಕಕ್ಕೆ ಹೋಗುತ್ತದೆ. ಆಮೇಲೆ ಯಾರೋ ಬಂದು 'ಮೆಷಿನ್ ಸ್ಲೋ ಇದೆ, ಜಾಸ್ತಿ ಸಿಪಿಯು ಕೊಡಿ' ಅನ್ನುತ್ತಾರೆ. ಸಿಪಿಯು ಗ್ರಾಫ್ ನೋಡಿದರೆ ಮೆಷಿನ್ನು ನಿದ್ದೆ ಹೊಡೆಯುತ್ತಿರುತ್ತದೆ.

ಸುಳ್ಳು ಪಾಸುಗಳ ಬಗ್ಗೆ ಒಂದು ಮಾತು. ಹೊರಗಿನ ಸರ್ವರ್ ತಪ್ಪು ಉತ್ತರ ಕೊಟ್ಟರೆ ಕನೆಕ್ಷನ್ ಎರರ್ ಬರಬೇಕು ಅನ್ನುವ ಟೆಸ್ಟು ಸ್ಯಾಂಡ್‌ಬಾಕ್ಸಿನಲ್ಲಿ ಸದಾ ಪಾಸ್. ಸರ್ವರನ್ನು ಮುಟ್ಟುವ ಮೊದಲೇ ಕನೆಕ್ಷನ್ ಎರರ್ ಬಂದಿರುತ್ತದೆಯಲ್ಲ! ಲಾಗಿನಲ್ಲಿ ಹಸಿರು ಚುಕ್ಕೆ, ಪರೀಕ್ಷೆ ನಡೆದೇ ಇಲ್ಲ. ಇದನ್ನು ಹಿಡಿಯಲು ನನಗೆ ಗೊತ್ತಿರುವುದು ಒಂದೇ ದಾರಿ, ನೆಟ್ ಇರುವ ಕಡೆ ಮತ್ತು ಇಲ್ಲದ ಕಡೆ ಎರಡೂ ಓಡಿಸಿ ಕವರೇಜ್, ಅಂದರೆ ಕೋಡಿನ ಯಾವ ಸಾಲುಗಳು ಓಡಿದವು ಅನ್ನುವುದನ್ನು, ಹೋಲಿಸುವುದು. ಬೇಜಾರಿನ ಕೆಲಸ. ಎಲ್ಲ ಪ್ಯಾಕೇಜಿಗೂ ಮಾಡಲು ಆಗುವುದಿಲ್ಲ, ಟಿಎಲ್‌ಎಸ್ ಮತ್ತು ಲಾಗಿನ್ ಮುಟ್ಟುವ ಲೈಬ್ರರಿಗಳಿಗೆ ಮಾತ್ರ ಮಾಡುತ್ತೇನೆ.

ಹಾಗಂತ ಸ್ಕಿಪ್ ಮಾಡಲೇಬಾರದು ಅಂತಲ್ಲ. ನಿಜಕ್ಕೂ ಹೊರಗಿನ ಯಾವುದೋ ವೆಬ್‌ಸೈಟನ್ನು ಕೇಳುವ ಟೆಸ್ಟುಗಳಿವೆ. ಅವು ಬಿಲ್ಡಿನಲ್ಲಿ ಓಡಬೇಕಾದವೇ ಅಲ್ಲ. ಅವಕ್ಕೆ ಪೈಥಾನ್ ಟೆಸ್ಟ್ ಓಡಿಸುವ ಪೈಟೆಸ್ಟಿನ ಮಾರ್ಕ್ ಹಚ್ಚಿ ಬೇರೆ ಇಡಿ ಅಂತ ಅಪ್‌ಸ್ಟ್ರೀಮಿಗೆ ಬರೆಯುತ್ತೇನೆ. ಪೈಟೆಸ್ಟ್-ಸಾಕೆಟ್ ಅನ್ನುವ ಪ್ಲಗಿನ್ ಹಾಕಿಕೊಂಡರೆ ಡೆವಲಪರ್ ಮೆಷಿನ್ನಿನಲ್ಲೇ ಇವು ಸಿಕ್ಕಿಬೀಳುತ್ತವೆ. ಅದು ಪೈಥಾನ್ ಸಾಕೆಟ್ಟನ್ನು ಮಾತ್ರ ತಡೆಯುತ್ತದೆ, ಸಿ ಲೈಬ್ರರಿ ನೇರವಾಗಿ ತೆರೆದದ್ದು ಅದಕ್ಕೆ ಕಾಣುವುದಿಲ್ಲ. ಅಲ್ಲಿಗೆ ಮತ್ತೆ ಅನ್‌ಶೇರೇ ಗತಿ. ಪಟ್ಟಿಗೆ ಸೇರಿಸಲೇಬೇಕಾದರೆ ನಮ್ಮ ತಂಡದಲ್ಲಿ ಈಗ ಎರರ್ ನಂಬರ್ ಮತ್ತು ಯಾವ ವಿಳಾಸ, ಯಾವ ಪೋರ್ಟ್ ಅನ್ನುವುದನ್ನೂ ಬರೆಯಬೇಕು. ಇಲ್ಲದಿದ್ದರೆ ರಿವ್ಯೂ ಪಾಸಾಗುವುದಿಲ್ಲ. ಮೊದಮೊದಲು ಗೊಣಗಿದರು. ನಂಬರ್ ಬರೆಯಲು ಎಸ್‌ಟ್ರೇಸ್ ಓಡಿಸಬೇಕು, ಓಡಿಸಿದ ಮೇಲೆ ಅರ್ಧದಷ್ಟಕ್ಕೆ ಪರಿಹಾರ ಎದುರಿಗೇ ಇರುತ್ತದೆ.

ಸದ್ಯ ನನ್ನನ್ನು ಕಾಡುತ್ತಿರುವುದು ಒಂದು ಮಲ್ಟಿಕಾಸ್ಟ್ ಟೆಸ್ಟು, ಅಂದರೆ ಗುಂಪಿನಲ್ಲಿರುವ ಎಲ್ಲರಿಗೂ ಒಟ್ಟಿಗೆ ಪ್ಯಾಕೆಟ್ ಕಳಿಸುವಂಥದ್ದು. ಒಂದೇ ನೆಟ್‌ವರ್ಕಿನ ಮೆಷಿನ್ನುಗಳ ಹೆಸರು ಹುಡುಕುವ ಎಮ್‌ಡಿಎನ್‌ಎಸ್ ಲೈಬ್ರರಿ, 224.0.0.251 ಗುಂಪಿಗೆ ಸೇರಿಕೊಳ್ಳಲು ಹೋಗಿ ಎರರ್ 19, 'ನೋ ಸಚ್ ಡಿವೈಸ್' ಅನ್ನುತ್ತದೆ. ಯಾವ ಇಂಟರ್‌ಫೇಸಿನ ಮೂಲಕ ಅಂತ ಕೋಡ್ ಹೇಳುವುದಿಲ್ಲ, ಕರ್ನಲ್ ರೂಟ್ ನೋಡುತ್ತದೆ, ರೂಟ್ ಇಲ್ಲ. ನನ್ನ ನೇಮ್‌ಸ್ಪೇಸಿನಲ್ಲಿ ಒಂದು ಡಮ್ಮಿ ಇಂಟರ್‌ಫೇಸ್ ಮಾಡಿ, ಮಲ್ಟಿಕಾಸ್ಟ್ ಆನ್ ಮಾಡಿ, ರೂಟ್ ಹಾಕಿದರೆ ಟೆಸ್ಟ್ ಓಡುತ್ತದೆ. ಬಿಲ್ಡ್ ಮೆಷಿನ್ನಿನಲ್ಲಿ ಅಷ್ಟು ಅಧಿಕಾರ ಇಲ್ಲ. ಸೇರುವಾಗ ಇಂಟರ್‌ಫೇಸ್ 127.0.0.1 ಅಂತ ನೇರವಾಗಿ ಹೇಳುವ ಅವಕಾಶ ಕೊಡುವ ಪ್ಯಾಚು ಕಳಿಸಿದ್ದೇನೆ. ಅಪ್‌ಸ್ಟ್ರೀಮಿನವರು ಚೆನ್ನಾಗಿದೆ, ಆದರೆ ಮ್ಯಾಕ್‌ನಲ್ಲೂ ಓಡಿಸಿ ತೋರಿಸಿ ಅಂದಿದ್ದಾರೆ. ನನ್ನ ಹತ್ತಿರ ಮ್ಯಾಕ್ ಇಲ್ಲ. ಡಿಸೈನ್ ತಂಡದವರ ಹತ್ತಿರ ಇದೆ, ಸೋಮವಾರ ಕೇಳಬೇಕು.